ಓದುಗರ ಪ್ರಶ್ನೆ: ನಿಮ್ಮ ವೈಫೈಗೆ ಬೀಗ ಹಾಕಿದವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ವೈಫೈ ಮತ್ತು ರೂಟರ್‌ಗೆ ಸಂಬಂಧಪಟ್ಟವು. ಕೆಲವರು ಪ್ರಶ್ನೆಯ ಜೊತೆಗೆ ತಮ್ಮ ಮನೆಯ ಪಾಸ್‌ವರ್ಡನ್ನೂ ಬರೆದು ಕಳುಹಿಸಿದ್ದಾರೆ. ದಯವಿಟ್ಟು ಇನ್ನು ಮುಂದೆ ಹಾಗೆ ಮಾಡಬೇಡಿ. ಬೀಗದ ವಿಚಾರವಾದ್ದರಿಂದ ಕೇಳಿದವರ ಹೆಸರುಗಳನ್ನು ಕೈಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಹಳ್ಳಿಗೆ ಕಳೆದ ವರ್ಷ ಫೈಬರ್ ಸಂಪರ್ಕ ಬಂತು. ಅಳವಡಿಸಲು ಬಂದವರು ನನ್ನ ಮೊಬೈಲ್ ಸಂಖ್ಯೆಯನ್ನೇ ವೈಫೈ ಪಾಸ್‌ವರ್ಡ್ ಮಾಡಿಕೊಟ್ಟು ಹೋದರು. ಈಗೀಗ ಸಂಜೆ ಏಳರ ಮೇಲೆ ಮಗಳ ಕಚೇರಿಯ ವಿಡಿಯೊ ಸಭೆ ತಡವರಿಸುತ್ತದೆ. ಅದೇ ಹೊತ್ತಿಗೆ ದಣಪೆಯ ಆಚೆ ಕೆಲವು ಹುಡುಗರು ಬೈಕ್ ನಿಲ್ಲಿಸಿಕೊಂಡು ಮೊಬೈಲ್ ನೋಡುತ್ತಿರುತ್ತಾರೆ. ನಮ್ಮ ವೈಫೈ ಅವರಿಗೆ ಸಿಕ್ಕಿದೆಯೇ ಎಂದು ತಿಳಿಯುವುದು ಹೇಗೆ? – ಹೊಸನಗರ ತಾಲ್ಲೂಕಿನಿಂದ

ಉತ್ತರ: ಸಿಕ್ಕಿರಬಹುದು. ಆದರೆ ಹುಡುಗರನ್ನು ಗದರಿಸುವುದಕ್ಕೆ ಮೊದಲು ರೂಟರನ್ನು ವಿಚಾರಿಸುವುದು ನ್ಯಾಯ, ಏಕೆಂದರೆ ತನ್ನೊಳಗೆ ಯಾರ್‍ಯಾರು ಬಂದಿದ್ದಾರೆ ಎಂಬ ಲೆಕ್ಕವನ್ನು ಅದು ಸದಾ ಇಟ್ಟುಕೊಂಡಿರುತ್ತದೆ. ನಿಮ್ಮ ಮೊಬೈಲನ್ನು ಮನೆಯ ವೈಫೈಗೆ ಸೇರಿಸಿಕೊಂಡು, ಆ ಸಂಪರ್ಕದ ವಿವರವನ್ನು ಸೆಟ್ಟಿಂಗ್‌ನಲ್ಲಿ ತೆರೆದರೆ ‘ಗೇಟ್‌ವೇ’ ಅಥವಾ ‘ರೂಟರ್’ ಎಂಬ ಸಾಲಿನ ಎದುರು ಒಂದು ವಿಳಾಸ ಕಾಣುತ್ತದೆ. ಬಹಳಷ್ಟು ಮನೆಗಳಲ್ಲಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಬ್ರೌಸರ್‌ನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಈ ಅಂಕಿಗಳನ್ನು ಬರೆದರೆ ರೂಟರ್‌ನ ಒಳಪುಟ ತೆರೆದುಕೊಂಡು, ಬಳಕೆದಾರರ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುತ್ತದೆ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯೇ ಆದ ಇನ್ನೊಂದು ಕೀಲಿಕೈ. ಸಾಮಾನ್ಯವಾಗಿ ಉಪಕರಣದ ತಳಕ್ಕೆ ಅಂಟಿಸಿದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಒಳಗೆ ಹೋದ ಮೇಲೆ, ಜೋಡಣೆಯಾಗಿರುವ ಸಾಧನಗಳ ಪಟ್ಟಿಯನ್ನು ಹುಡುಕಿ.

ಆ ಪಟ್ಟಿಯಲ್ಲಿರುವ ಹೆಸರುಗಳು ಅರ್ಥವಾಗುವಂತಿರುವುದು ಅಪರೂಪ. ಆದ್ದರಿಂದ ಹೆಸರನ್ನು ನೆಚ್ಚಿಕೊಳ್ಳದೆ ಕಳೆಯುವ ಲೆಕ್ಕವನ್ನು ಮಾಡುವುದು ಸುಲಭ: ಮನೆಯ ಮೊಬೈಲು, ಟಿವಿ, ಲ್ಯಾಪ್‌ಟಾಪ್, ಕ್ಯಾಮೆರಾ ಒಂದೊಂದರ ವೈಫೈಯನ್ನೂ ಆಫ್ ಮಾಡುತ್ತಾ ಬಂದು, ಕೊನೆಗೆ ನೀವು ಪಟ್ಟಿಯನ್ನು ನೋಡುತ್ತಿರುವ ಸಾಧನವೊಂದನ್ನೇ ಉಳಿಸಿಕೊಳ್ಳಿ. ಕೆಲವು ನಿಮಿಷಗಳ ನಂತರವೂ ಪಟ್ಟಿಯಲ್ಲಿ ಎರಡನೆಯ ಹೆಸರೊಂದು ಉಳಿದು, ಡೇಟಾ ಎಳೆಯುತ್ತಲೇ ಇದ್ದರೆ ಅದು ಹೊರಗಿನವರದು. ಯಾರೂ ಉಳಿಯದಿದ್ದರೆ ವೇಗ ಕುಸಿಯಲು ಬೇರೆ ಕಾರಣವಿದೆ. ಸಂಜೆಯ ಹೊತ್ತಿನಲ್ಲಿ ಊರಿನವರೆಲ್ಲರೂ ಒಂದೇ ಮಾರ್ಗವನ್ನು ಹಂಚಿಕೊಳ್ಳುತ್ತಿರಬಹುದು. ಇಲ್ಲವೇ ರೂಟರ್ ಜಗಲಿಯಲ್ಲಿದ್ದು, ಮಗಳು ಎರಡು ಜಂಬಿಟ್ಟಿಗೆ ಗೋಡೆಗಳ ಆಚೆ ಕುಳಿತಿರಬಹುದು. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಆದರೆ ದಪ್ಪ ಗೋಡೆಯನ್ನು ದಾಟುವುದರಲ್ಲಿ 2.4 ಗಿಗಾಹರ್ಟ್ಸ್ ಅಲೆಯೇ ಮೇಲು. ಹಳೆಯ ಮಲೆನಾಡು ಮನೆಗಳಲ್ಲಿ ನಾನು ನೋಡಿದ ‘ವೈಫೈ ಕಳ್ಳತನ’ದ ದೂರುಗಳಲ್ಲಿ ಅರ್ಧಕ್ಕರ್ಧ ಗೋಡೆಯದೇ ತಪ್ಪಾಗಿತ್ತು.

ಹುಡುಗರು ನಿರಪರಾಧಿಗಳೆಂದು ತೀರ್ಮಾನವಾದರೂ ಪಾಸ್‌ವರ್ಡನ್ನು ಮಾತ್ರ ಇಂದೇ ಬದಲಿಸಿ. ನಿಮ್ಮ ಮೊಬೈಲ್ ಸಂಖ್ಯೆ ಹಾಲಿನ ಡೇರಿಯಲ್ಲಿದೆ, ಸೊಸೈಟಿಯ ಪುಸ್ತಕದಲ್ಲಿದೆ, ಮನೆಯ ಮದುವೆಯ ಕರೆಯೋಲೆಯ ಮೇಲೂ ಅಚ್ಚಾಗಿರಬಹುದು. ನಿಮ್ಮನ್ನು ಅರಿಯದವನಿಗೂ ಅದನ್ನು ಕಂಡುಹಿಡಿಯುವುದು ಕಷ್ಟವಲ್ಲ. ನಿಮ್ಮ ಫೋನು ರೂಟರ್‌ಗೆ ಸೇರಿಕೊಳ್ಳುವಾಗ ಅವೆರಡರ ನಡುವೆ ನಡೆಯುವ ಪರಿಚಯದ ಮಾತುಕತೆಯನ್ನು ರಸ್ತೆಯಲ್ಲಿ ನಿಂತು ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ತನ್ನ ಮನೆಯಲ್ಲಿ ಕುಳಿತು, ಕಂಪ್ಯೂಟರ್‌ನಿಂದ ಒಂದೊಂದೇ ಪಾಸ್‌ವರ್ಡನ್ನು ಊಹಿಸುತ್ತಾ, ಯಾವುದು ಆ ಮಾತುಕತೆಗೆ ಹೊಂದುತ್ತದೆ ಎಂದು ನೋಡಬಹುದು. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಆರಂಭವಾಗಿ ಹತ್ತು ಅಂಕಿಗಳಿಗೆ ಮುಗಿಯುವುದರಿಂದ ಒಟ್ಟು ಸಾಧ್ಯತೆಗಳು 400 ಕೋಟಿ ಮಾತ್ರ. ಆಟಗಳಿಗೆಂದು ಮಾರುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ 5 ಲಕ್ಷ ಊಹೆಗಳನ್ನು ಪರೀಕ್ಷಿಸುತ್ತದೆಂದು ಹಿಡಿದರೂ 8,000 ಸೆಕೆಂಡುಗಳಲ್ಲಿ, ಅಂದರೆ ಎರಡೂಕಾಲು ಗಂಟೆಯೊಳಗೆ ಅಷ್ಟೂ ಮುಗಿಯುತ್ತದೆ. ಈ ದಾಳಿಯ ವಿಷಯ ರೂಟರ್‌ಗೆ ತಿಳಿಯುವುದೇ ಇಲ್ಲ, ಏಕೆಂದರೆ ಊಹೆಯೆಲ್ಲವೂ ಅದರಿಂದ ದೂರದಲ್ಲಿ ನಡೆದಿರುತ್ತದೆ.

ವೈಫೈ ಪಾಸ್‌ವರ್ಡ್ ಕನಿಷ್ಠ 8 ಅಕ್ಷರಗಳಿಂದ 63 ಅಕ್ಷರಗಳವರೆಗೆ ಇರಬಹುದು. ಈ ಉದ್ದವೇ ನಿಮ್ಮ ಬಲ. ಅಕ್ಷರಗಳ ನಡುವೆ ಚಿಹ್ನೆಗಳನ್ನು ತುರುಕಿ, ಬರೆಯುವಾಗ ತಾವೇ ತಪ್ಪುವಂತೆ ಮಾಡಿಕೊಳ್ಳುವುದಕ್ಕಿಂತ, ನಿಘಂಟನ್ನು ಕಣ್ಣುಮುಚ್ಚಿ ಐದು ಕಡೆ ತೆರೆದು, ಬೆರಳಿಗೆ ಸಿಕ್ಕ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಬರೆಯುವುದು ಉತ್ತಮ. ಎರಡು ಸಾವಿರ ಪದಗಳ ಪಟ್ಟಿಯಿಂದ ಹೀಗೆ ಐದನ್ನು ಆರಿಸಿದರೂ, ಮೇಲೆ ಹೇಳಿದ ಅದೇ ಕಾರ್ಡಿಗೆ ಎಲ್ಲ ಜೋಡಣೆಗಳನ್ನು ಮುಗಿಸಲು ಎರಡು ಸಾವಿರ ವರ್ಷ ಬೇಕು. ಪದಗಳು ಒಂದಕ್ಕೊಂದು ಸಂಬಂಧವಿಲ್ಲದಂತಿರಬೇಕು. ಎಲ್ಲರ ಬಾಯಲ್ಲಿರುವ ಗಾದೆಯನ್ನೋ ವಚನದ ಸಾಲನ್ನೋ ಬಳಸಿದರೆ ಉದ್ದವಿದ್ದೂ ಪ್ರಯೋಜನವಿಲ್ಲ. ಹೊಸ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಅಡುಗೆಮನೆಯ ಡಬ್ಬಿಯಲ್ಲಿಡುವುದರಲ್ಲಿ ನನ್ನ ದೃಷ್ಟಿಯಲ್ಲಿ ತಪ್ಪೇನೂ ಇಲ್ಲ. ನಾವು ಹೆದರಬೇಕಾದವನು ನಿಮ್ಮ ಅಡುಗೆಮನೆಯವರೆಗೆ ಬರುವವನಲ್ಲ.

ಈಗ ನೀವು ಕೇಳದಿರುವ, ಆದರೆ ಇದೆಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ಬರುತ್ತೇನೆ. ರೂಟರ್‌ನ ಒಳಪುಟಕ್ಕೆ ಹೋಗಲು ಬಳಸಿದಿರಲ್ಲ, ಆ ಇನ್ನೊಂದು ಪಾಸ್‌ವರ್ಡನ್ನು ಯಾರು ಇಟ್ಟರು? ಬಹುಶಃ ಕಾರ್ಖಾನೆಯವರು. ಅನೇಕ ಮಾದರಿಗಳಲ್ಲಿ ಅದು ಲಕ್ಷಾಂತರ ಪೆಟ್ಟಿಗೆಗಳಿಗೆ ಒಂದೇ ಆಗಿರುತ್ತದೆ. ಮಾದರಿಯ ಹೆಸರನ್ನು ಹುಡುಕಿದರೆ ಯಾರಿಗೂ ಸಿಗುತ್ತದೆ. ವೈಫೈ ಪಾಸ್‌ವರ್ಡ್ ಅಂಗಳದ ದಣಪೆಯಾದರೆ ಇದು ತಿಜೋರಿಯ ಕೀಲಿಕೈ. ಒಮ್ಮೆ ವೈಫೈಗೆ ಸೇರಿಕೊಂಡ ಯಾರೇ ಆಗಲಿ, ಕಾರ್ಖಾನೆಯ ಪಾಸ್‌ವರ್ಡ್ ಹಾಗೆಯೇ ಇದ್ದರೆ ಒಳಪುಟಕ್ಕೆ ಹೋಗಿ ಡಿಎನ್‌ಎಸ್ ಸೆಟ್ಟಿಂಗನ್ನು ಬದಲಿಸಬಹುದು. ಜಾಲತಾಣದ ಹೆಸರನ್ನು ಅದರ ಅಂಕಿಯ ವಿಳಾಸಕ್ಕೆ ತಿರುಗಿಸಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಅದು ವಂಚಕನ ಕೈಗೆ ಹೋದರೆ ನೀವು ಬ್ಯಾಂಕಿನ ಹೆಸರನ್ನು ಸರಿಯಾಗಿಯೇ ಬರೆದರೂ ಬೇರೆಲ್ಲಿಗೋ ತಲುಪುತ್ತೀರಿ. ಅಂಥ ಹೊತ್ತಿನಲ್ಲಿ ಬ್ರೌಸರ್ ಪ್ರಮಾಣಪತ್ರದ ಎಚ್ಚರಿಕೆಯನ್ನು ತೋರಿಸುತ್ತದೆ. ಅದನ್ನು ಕಡೆಗಣಿಸಿ ಮುಂದೆ ಹೋಗಬಾರದು. ಆದ್ದರಿಂದ ಮೊದಲು ಒಳಪುಟದ ಪಾಸ್‌ವರ್ಡನ್ನು, ವೈಫೈಯದಕ್ಕಿಂತ ಬೇರೆಯಾದ ಒಂದನ್ನು ಆರಿಸಿ ಬದಲಿಸಿ. ಸೇವಾ ಕಂಪನಿ ಕೊಟ್ಟ ಉಪಕರಣಗಳಲ್ಲಿ ಕೆಲವು ಪುಟಗಳನ್ನು ಗ್ರಾಹಕರಿಗೆ ಮುಚ್ಚಿರುತ್ತಾರೆ. ಹಾಗಿದ್ದರೆ ಕರೆ ಮಾಡಿ ಕೇಳಿ. ತಂತ್ರಜ್ಞರು ‘ಅದೆಲ್ಲ ನಿಮಗೆ ಯಾಕೆ’ ಎಂದರೆ, ಮನೆ ನನ್ನದು ಎಂದು ಹೇಳಲು ಸಂಕೋಚ ಬೇಡ.

ಅದೇ ಪುಟದಲ್ಲಿ ಭದ್ರತೆಯ ವಿಧಾನವನ್ನೂ ನೋಡಿ. ಡಬ್ಲ್ಯೂಪಿಎ3 ಇದ್ದರೆ ಅದು ಅತ್ಯುತ್ತಮ, ಏಕೆಂದರೆ ಮಾತುಕತೆಯನ್ನು ಹಿಡಿದುಕೊಂಡು ಮನೆಯಲ್ಲಿ ಕುಳಿತು ಊಹಿಸುವ ದಾಳಿ ಅದರ ಮುಂದೆ ನಡೆಯುವುದಿಲ್ಲ. ಹಳೆಯ ಫೋನುಗಳಿದ್ದರೆ ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡನ್ನೂ ಒಪ್ಪುವ ಆಯ್ಕೆಯನ್ನು ಇಟ್ಟುಕೊಳ್ಳಿ. ಡಬ್ಲ್ಯೂಪಿಎ2 ಮಾತ್ರ ಇದ್ದರೆ ಜೊತೆಯಲ್ಲಿ ಎಇಎಸ್ ಎಂಬ ಗೂಢಲಿಪಿ ವಿಧಾನವಿರಲಿ, ಹಳೆಯದಾದ ಟಿಕೆಐಪಿ ಬೇಡ.

ಪ್ರಶ್ನೆ: ರೂಟರ್‌ನ ಹಿಂದೆ ಡಬ್ಲ್ಯೂಪಿಎಸ್ ಎಂಬ ಗುಂಡಿ ಇದೆ. ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೇ ಪ್ರಿಂಟರ್ ಜೋಡಣೆಯಾಗುತ್ತದೆ. ಇದನ್ನು ಬಳಸಬಹುದೇ? – ಸಾಗರದಿಂದ

ಉತ್ತರ: ಗುಂಡಿಯ ಬಗ್ಗೆ ನನಗೆ ಅಷ್ಟು ತಕರಾರಿಲ್ಲ, ಅದನ್ನು ಒತ್ತಿದ ಮೇಲೆ ಎರಡು ನಿಮಿಷ ಮಾತ್ರ ಬಾಗಿಲು ತೆರೆದಿರುತ್ತದೆ. ಅಪಾಯವಿರುವುದು ಅದರ ಜೊತೆಗೇ ಬರುವ ಎಂಟು ಅಂಕಿಗಳ ಪಿನ್ ಸಂಖ್ಯೆಯಲ್ಲಿ. ಎಂಟು ಅಂಕಿ ಎಂದರೆ ಹತ್ತು ಕೋಟಿ ಸಾಧ್ಯತೆಗಳೆಂದು ತೋರುತ್ತದೆ, ಆದರೆ ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬರುವಂಥದ್ದು, ಮತ್ತು ರೂಟರ್ ಮೊದಲ ನಾಲ್ಕು ಅಂಕಿಗಳು ಸರಿಯೋ ತಪ್ಪೋ ಎಂಬುದನ್ನು ಪ್ರತ್ಯೇಕವಾಗಿ ಹೇಳಿಬಿಡುತ್ತದೆ. ಹೀಗಾಗಿ 10,000 ಮತ್ತು 1,000 ಸೇರಿ ಹೆಚ್ಚೆಂದರೆ 11,000 ಪ್ರಯತ್ನಗಳು ಸಾಕು. 2011ರ ಡಿಸೆಂಬರ್‌ನಲ್ಲಿ ಈ ದೋಷ ಬಹಿರಂಗವಾಯಿತು. ನಂತರದ ಹಲವು ರೂಟರ್‌ಗಳು ತಪ್ಪು ಪಿನ್ ಪದೇ ಪದೇ ಬಂದರೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತವೆ, ಆದರೂ ಒಳಪುಟದಲ್ಲಿ ಡಬ್ಲ್ಯೂಪಿಎಸ್ ಪಿನ್ನನ್ನು ಆಫ್ ಮಾಡಿಬಿಡುವುದೇ ಸರಿ. ನೀವು ಎಷ್ಟು ಉದ್ದದ ಪಾಸ್‌ವರ್ಡ್ ಇಟ್ಟರೂ ಈ ಹಿತ್ತಲ ಬಾಗಿಲಿಗೆ ಅದು ಅನ್ವಯಿಸುವುದಿಲ್ಲ. ಪ್ರಿಂಟರ್‌ಗೆ ಪಾಸ್‌ವರ್ಡನ್ನು ಒಮ್ಮೆ ಕೈಯಿಂದ ಬರೆದುಕೊಡಿ.

ಪ್ರಶ್ನೆ: ವೈಫೈಯ ಹೆಸರು ಯಾರಿಗೂ ಕಾಣದಂತೆ ಅಡಗಿಸಿ, ನಮ್ಮ ಮನೆಯ ಫೋನುಗಳ ಮ್ಯಾಕ್ ವಿಳಾಸಕ್ಕೆ (ಸಾಧನವನ್ನು ಜಾಲದಲ್ಲಿ ಗುರುತಿಸುವ ಸಂಖ್ಯೆಗೆ) ಮಾತ್ರ ಅನುಮತಿ ಕೊಟ್ಟರೆ ಪಾಸ್‌ವರ್ಡ್ ಕೂಡ ಬೇಕಿಲ್ಲ ಎಂದು ಪಕ್ಕದ ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿ ಹೇಳುತ್ತಾನೆ. ಸರಿಯೇ? – ಶಿವಮೊಗ್ಗದ ವಿನೋಬನಗರದಿಂದ

ಉತ್ತರ: ಸರಿಯಲ್ಲ. ಪಾಸ್‌ವರ್ಡ್ ಇಲ್ಲದಿದ್ದರೆ ನಿಮ್ಮ ಮನೆಯ ಸಂದೇಶಗಳು ಗೂಢಲಿಪಿಯಿಲ್ಲದೆ ಗಾಳಿಯಲ್ಲಿ ಹೋಗುತ್ತವೆ. ಅಲ್ಲದೆ, ಪ್ರತಿ ಸಾಧನದ ಮ್ಯಾಕ್ ವಿಳಾಸವೂ ಗೂಢಲಿಪಿ ಇರುವಾಗಲೂ ಬರಿಗಣ್ಣಿಗೆ ಕಾಣುವಂತೆಯೇ ಹೋಗುತ್ತಿರುತ್ತದೆ. ಒಂದನ್ನು ಬರೆದಿಟ್ಟುಕೊಂಡು ತನ್ನ ಕಂಪ್ಯೂಟರ್‌ಗೆ ಅದನ್ನೇ ತೊಡಿಸುವುದು ಎರಡು ನಿಮಿಷದ ಕೆಲಸ. ಈ ವಿಧಾನದ ತೊಂದರೆ ಕಳ್ಳನಿಗಿಂತ ಮನೆಯವರಿಗೇ ಹೆಚ್ಚು: ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ವಿಳಾಸವನ್ನು ಮರೆಮಾಡಿ, ಯಾದೃಚ್ಛಿಕ ವಿಳಾಸವೊಂದನ್ನು ತೋರಿಸುವುದರಿಂದ ಅನುಮತಿಯ ಪಟ್ಟಿ ಕೈಕೊಡುತ್ತದೆ.

ಹೆಸರನ್ನು ಅಡಗಿಸುವುದು ಇನ್ನೂ ವಿಚಿತ್ರ. ರೂಟರ್ ತನ್ನ ಹೆಸರನ್ನು ಹೇಳುವುದನ್ನು ನಿಲ್ಲಿಸಿದರೆ ಆ ಕೆಲಸ ಫೋನಿನ ತಲೆಗೆ ಬರುತ್ತದೆ. ಅಡಗಿದ ಜಾಲವನ್ನು ಉಳಿಸಿಕೊಂಡ ಫೋನು, ‘ಇಂಥ ಹೆಸರಿನ ವೈಫೈ ಇಲ್ಲಿದೆಯೇ’ ಎಂದು ಹೋದಲ್ಲೆಲ್ಲ ಕೇಳುತ್ತಾ ತಿರುಗಬಹುದು. ಮನೆಯಲ್ಲಿ ಮುಚ್ಚಿಟ್ಟ ಹೆಸರನ್ನು ನೆಹರೂ ರಸ್ತೆಯಲ್ಲೂ ಬಸ್ ನಿಲ್ದಾಣದಲ್ಲೂ ಕೂಗಿಕೊಂಡು ಬಂದಂತೆ. ಹೆಸರು ಕಾಣುವಂತೆಯೇ ಇರಲಿ. ಆದರೆ ಮನೆಯ ಹೆಸರು, ಬಾಗಿಲ ಸಂಖ್ಯೆ, ರೂಟರ್‌ನ ಮಾದರಿ ಅದರಲ್ಲಿ ಬೇಡ. ಕಾರ್ಖಾನೆ ಇಟ್ಟ ಹೆಸರನ್ನು ಬದಲಿಸುವುದರಿಂದ ಇನ್ನೊಂದು ಲಾಭವೂ ಇದೆ: ಡಬ್ಲ್ಯೂಪಿಎ2ನಲ್ಲಿ ಪಾಸ್‌ವರ್ಡ್ ಮತ್ತು ಜಾಲದ ಹೆಸರು ಎರಡನ್ನೂ ಕಲಸಿಯೇ ಗೂಢ ಕೀಲಿಯನ್ನು ತಯಾರಿಸುವುದರಿಂದ, ಸಾಮಾನ್ಯ ಹೆಸರುಗಳಿಗೆ ದಾಳಿಕೋರರು ಮೊದಲೇ ಲೆಕ್ಕ ಹಾಕಿಟ್ಟ ಕೀಲಿಗಳ ಕೋಷ್ಟಕಗಳು ನಿಮ್ಮ ಮನೆಗೆ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಆಗುಂಬೆಯ ದಾರಿಯಲ್ಲಿ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಕಾಡಿನ ಮೌನ ಬೇಕೆಂದು ಬರುವ ಅತಿಥಿಗಳು ಚೀಲ ಇಳಿಸುವ ಮೊದಲೇ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಅದೇ ವೈಫೈಯಲ್ಲಿ ನಮ್ಮ ಮನೆಯ ಫೋನುಗಳು, ಲೆಕ್ಕದ ಕಂಪ್ಯೂಟರ್, ಅಡಕೆ ಒಣಗಿಸುವ ಅಂಗಳದ ಕ್ಯಾಮೆರಾ ಎಲ್ಲವೂ ಇವೆ. ಕೊಡದೇ ಇರುವಂತಿಲ್ಲ, ಕೊಡಲು ಭಯ. ಏನು ಮಾಡಲಿ? – ತೀರ್ಥಹಳ್ಳಿ ತಾಲ್ಲೂಕಿನಿಂದ

ಉತ್ತರ: ನಿಮ್ಮ ಭಯ ಸಕಾರಣವಾದದ್ದು. ಅತಿಥಿಗಳು ಕೆಟ್ಟವರಾಗಿರಬೇಕಿಲ್ಲ, ಅವರ ಫೋನಿನಲ್ಲಿ ಕೆಟ್ಟ ತಂತ್ರಾಂಶವೊಂದು ಕುಳಿತಿದ್ದರೆ ಸಾಕು. ಈಗಿನ ಹೆಚ್ಚಿನ ರೂಟರ್‌ಗಳಲ್ಲಿ ಇದಕ್ಕೆಂದೇ ‘ಗೆಸ್ಟ್ ನೆಟ್‌ವರ್ಕ್’ ಎಂಬ ವ್ಯವಸ್ಥೆ ಇರುತ್ತದೆ. ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರುವ ಎರಡನೆಯ ವೈಫೈ ಅದು. ಜಗಲಿಯಲ್ಲಿ ಚಾಪೆ ಹಾಸಿಕೊಟ್ಟು ನಡುಮನೆಯ ಬಾಗಿಲನ್ನು ಮುಚ್ಚಿದ ಹಾಗೆ, ಅದಕ್ಕೆ ಸೇರಿದವರಿಗೆ ಇಂಟರ್ನೆಟ್ ಮಾತ್ರ ಸಿಗುತ್ತದೆ, ಮನೆಯ ಸಾಧನಗಳು ಕಾಣುವುದಿಲ್ಲ. ಅತಿಥಿಗಳು ಪರಸ್ಪರರ ಸಾಧನಗಳನ್ನೂ ನೋಡದಂತೆ ಪ್ರತ್ಯೇಕಿಸುವ ಆಯ್ಕೆ ಇದ್ದರೆ ಅದನ್ನೂ ಚಾಲೂ ಮಾಡಿ. ಹೆಸರಿಗೆ ಮಾತ್ರ ಗೆಸ್ಟ್ ಆಗಿರುವ ಅಗ್ಗದ ರೂಟರ್‌ಗಳೂ ಇವೆ. ಪರೀಕ್ಷಿಸಲು, ಫೋನನ್ನು ಅತಿಥಿಗಳ ವೈಫೈಗೆ ಸೇರಿಸಿಕೊಂಡು ರೂಟರ್‌ನ ಒಳಪುಟವನ್ನೂ ಕ್ಯಾಮೆರಾದ ವಿಳಾಸವನ್ನೂ ತೆರೆಯಲು ಪ್ರಯತ್ನಿಸಿ. ತೆರೆಯಿತೆಂದರೆ ನಡುಮನೆಯ ಬಾಗಿಲು ಮುಚ್ಚಿಲ್ಲ.

ಮನೆಯ ವೈಫೈಯ ಪಾಸ್‌ವರ್ಡನ್ನು ಒಮ್ಮೆ ಕೊಟ್ಟ ಮೇಲೆ ಅದು ಎಲ್ಲಿಯವರೆಗೆ ಹೋಗುತ್ತದೆಂದು ಹೇಳಲಾಗದು. ಫೋನಿನಲ್ಲಿ ‘ಹಂಚಿಕೊಳ್ಳಿ’ ಎಂಬುದನ್ನು ಒತ್ತಿದರೆ ಬರುವ ಕ್ಯೂಆರ್ ಚೌಕದೊಳಗೆ ಪಾಸ್‌ವರ್ಡ್ ಹಾಗೆಯೇ ಇರುತ್ತದೆ. ಅನೇಕ ಆಂಡ್ರಾಯ್ಡ್ ಫೋನುಗಳು ಅದನ್ನು ಕೆಳಗೆ ಅಕ್ಷರಗಳಲ್ಲೂ ತೋರಿಸುತ್ತವೆ. ಆದ್ದರಿಂದ ಈಗಾಗಲೇ ಬಂದುಹೋದವರ ಕೈಯಲ್ಲಿರುವ ಪಾಸ್‌ವರ್ಡನ್ನು ಬದಲಿಸಿ, ಅತಿಥಿಗಳದ್ದನ್ನು ತಿಂಗಳಿಗೊಮ್ಮೆಯಾದರೂ ಹೊಸದು ಮಾಡಿ.

ಕ್ಯಾಮೆರಾದ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಕಾರ್ಖಾನೆಯ ಬಳಕೆದಾರರ ಹೆಸರು–ಪಾಸ್‌ವರ್ಡ್‌ಗಳ ಅರವತ್ತರಷ್ಟು ಜೋಡಿಗಳನ್ನು ಹಿಡಿದುಕೊಂಡು ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾದ ಚಿತ್ರವನ್ನು ಉಳಿಸಿಡುವ ಪೆಟ್ಟಿಗೆ), ರೂಟರ್‌ಗಳನ್ನು ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳಲ್ಲಿ ಹಲವು ಒಟ್ಟಾಗಿ ಡಿಎನ್‌ಎಸ್ ಸೇವೆ ನೀಡುವ ಒಂದು ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಅಮೆರಿಕದ ಅನೇಕ ಭಾಗಗಳಲ್ಲಿ ಸಿಗದಾದವು. ಕ್ಯಾಮೆರಾದ ಒಡೆಯರಿಗೆ ಇದೇನೂ ತಿಳಿದಿರಲಿಲ್ಲ. ಚಿತ್ರ ಎಂದಿನಂತೆ ಬರುತ್ತಲೇ ಇತ್ತು. ಅಡಕೆ ಚಪ್ಪರವನ್ನು ಕಾಯುತ್ತಿರುವ ನಿಮ್ಮ ಕ್ಯಾಮೆರಾವೂ ಅದೇ ಜಾತಿಯದು. ಅದರ ಮತ್ತು ಅದರ ಡಿವಿಆರ್ ಪೆಟ್ಟಿಗೆಯ ಪಾಸ್‌ವರ್ಡನ್ನು ಬದಲಿಸಿ. ಬೆಂಗಳೂರಿನಲ್ಲಿರುವ ಮಗನೂ ಅಂಗಳವನ್ನು ನೋಡಲೆಂದು ಯಾರಾದರೂ ರೂಟರ್‌ನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಮಾಡಿಕೊಟ್ಟಿದ್ದರೆ ತೆಗೆಸಿಬಿಡಿ, ಏಕೆಂದರೆ ಮಗನಿಗೆ ತೆರೆದ ಆ ಕಿಂಡಿ ಲೋಕಕ್ಕೆಲ್ಲ ತೆರೆದಿರುತ್ತದೆ. ಪಾಸ್‌ವರ್ಡ್ ಬಲವಾಗಿಟ್ಟುಕೊಂಡು, ತಯಾರಕರ ಆ್ಯಪ್ ಮೂಲಕ ನೋಡುವುದು ಅದಕ್ಕಿಂತ ವಾಸಿ. ಸಾಧನಗಳು ನಮ್ಮನ್ನು ಕೇಳದೆ ತಾವೇ ಇಂಥ ಕಿಂಡಿಗಳನ್ನು ತೆರೆದುಕೊಳ್ಳಲು ಬಿಡುವ ‘ಯುಪಿಎನ್‌ಪಿ’ ಎಂಬ ಸೆಟ್ಟಿಂಗನ್ನೂ, ಹೊರಗಿನಿಂದ ರೂಟರ್ ನಿರ್ವಹಿಸಲು ಅವಕಾಶ ಕೊಡುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂಬುದನ್ನೂ ಆಫ್ ಮಾಡಿ.

ಇನ್ನು ಕಾನೂನಿನ ಮಾತು. ಸಂಪರ್ಕ ನಿಮ್ಮ ಹೆಸರಿನಲ್ಲಿರುವುದರಿಂದ, ಅದರ ಮೂಲಕ ನಡೆದದ್ದರ ವಿಚಾರಣೆ ಮೊದಲು ನಿಮ್ಮ ಬಾಗಿಲಿಗೇ ಬರುತ್ತದೆ. 2008ರ ಜುಲೈ 26ರಂದು ಅಹಮದಾಬಾದಿನ ಸರಣಿ ಸ್ಫೋಟಗಳ ಹೊತ್ತಿನಲ್ಲಿ ಮಾಧ್ಯಮಗಳಿಗೆ ಹೋದ ಇ-ಮೇಲಿನ ಜಾಡನ್ನು ಹಿಡಿದು ಹೊರಟ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಮನೆಯೊಂದರ ವೈಫೈಗೆ. ಅಲ್ಲಿ ವಾಸವಿದ್ದ ಅಮೆರಿಕದ ಪ್ರಜೆ, ಅದನ್ನು ಕಳುಹಿಸಿದವರು ಬೇರೆ ಯಾರೋ ಆಗಿದ್ದರೂ, ವಾರಗಟ್ಟಲೆ ವಿಚಾರಣೆಯನ್ನು ಎದುರಿಸಬೇಕಾಯಿತು. ಹೋಂಸ್ಟೇಗೆ ಬಂದವರ ಹೆಸರು, ಗುರುತಿನ ಚೀಟಿ, ಬಂದುಹೋದ ದಿನಾಂಕಗಳನ್ನು ನೀವು ಹೇಗೂ ಬರೆದಿಡುತ್ತೀರಿ. ಅತಿಥಿಗಳ ವೈಫೈ ಪಾಸ್‌ವರ್ಡ್ ಬದಲಿಸಿದ ದಿನವನ್ನೂ ಅದೇ ಪುಸ್ತಕದಲ್ಲಿ ಗುರುತಿಸಿಡಿ.

ಪ್ರಶ್ನೆ: ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿನಲ್ಲಿ ನಮ್ಮ ರೂಟರ್ ಕೆಟ್ಟಿತು. ದುರಸ್ತಿಗೆ ಬಂದವರು ಹೊಸತೊಂದನ್ನು ಇಟ್ಟರು, ಆಮೇಲೆ ಅದು ಸರಿಬಾರದೆ ಸಣ್ಣ ತೂತಿಗೆ ಕಡ್ಡಿ ಹಾಕಿ ಏನೋ ಒತ್ತಿದರು. ಈಗ ಎಲ್ಲ ಸರಿಯಿದೆ. ಹಳೆಯ ದೂರವಾಣಿ ತಂತಿಯ ಕಾಲದ ಮೋಡೆಮ್ ಒಂದು ಅಟ್ಟದಲ್ಲಿದೆ. ಅದನ್ನು ಕೊಟ್ಟಿಗೆಯ ಕಡೆಗೆ ವೈಫೈ ಸಿಗಲೆಂದು ಬಳಸಬಹುದೇ? – ಶೃಂಗೇರಿಯಿಂದ

ಉತ್ತರ: ‘ಎಲ್ಲ ಸರಿಯಿದೆ’ ಎಂಬ ಮಾತನ್ನು ನಾನು ಒಪ್ಪಲಾರೆ. ತೂತಿನೊಳಗೆ ಕಡ್ಡಿ ಹಾಕಿ ಒತ್ತಿದ್ದು ರೀಸೆಟ್ ಗುಂಡಿ. ಅದನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ರೂಟರ್ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ನೀವು ಬದಲಿಸಿದ್ದ ಒಳಪುಟದ ಪಾಸ್‌ವರ್ಡ್, ಡಬ್ಲ್ಯೂಪಿಎಸ್ ಆಫ್ ಮಾಡಿದ್ದ ಸೆಟ್ಟಿಂಗ್, ಎಲ್ಲವೂ ಹೋಗುತ್ತವೆ. ಬಂದವರು ಇಂಟರ್ನೆಟ್ ಬರುವಂತೆ ಮಾಡಿ, ವೈಫೈಗೊಂದು ಪಾಸ್‌ವರ್ಡ್ ಇಟ್ಟು ಹೊರಡುತ್ತಾರೆ. ಉಳಿದದ್ದು ಅವರ ಕೆಲಸವೆಂದು ಅವರಿಗೂ ಅನ್ನಿಸುವುದಿಲ್ಲ, ನಮಗೂ ನೆನಪಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪ್ರತಿ ದುರಸ್ತಿಯ ನಂತರ ಒಳಪುಟಕ್ಕೆ ಹೋಗಿ ಎಲ್ಲವನ್ನೂ ಮತ್ತೆ ನೋಡುವುದೊಂದೇ ದಾರಿ. ಸರಿಪಡಿಸಿದ ಮೇಲೆ ಸೆಟ್ಟಿಂಗ್‌ಗಳ ಪ್ರತಿಯನ್ನು ಕಡತವಾಗಿ ಉಳಿಸಿಕೊಳ್ಳುವ ‘ಬ್ಯಾಕಪ್’ ಸೌಲಭ್ಯ ಹಲವು ರೂಟರ್‌ಗಳಲ್ಲಿದೆ. ಆದರೆ ಆ ಕಡತ ಬೇರೆ ಮಾದರಿಗೆ ಹೊಂದುವುದಿಲ್ಲ, ಆದ್ದರಿಂದ ಕಾಗದದಲ್ಲೂ ಬರೆದಿಡಿ. ಫೈಬರ್‌ನ ಗಾಜಿನ ಎಳೆ ಸಿಡಿಲನ್ನು ಒಯ್ಯುವುದಿಲ್ಲವಾದರೂ ಅದಕ್ಕೆ ಆಸರೆಯಾಗಿರುವ ಉಕ್ಕಿನ ತಂತಿ, ಕರೆಂಟಿನ ಅಡಾಪ್ಟರ್, ಅಂಗಳದಲ್ಲಿ ಎಳೆದ ಕ್ಯಾಮೆರಾದ ತಾಮ್ರದ ತಂತಿ ಒಯ್ಯುತ್ತವೆ. ಗುಡುಗು ದೂರದಲ್ಲಿರುವಾಗಲೇ ಅಡಾಪ್ಟರನ್ನು ಕಿತ್ತಿಡುವ ರೂಢಿ ಒಳ್ಳೆಯದು.

ಅಟ್ಟದ ಮೋಡೆಮ್ ಅಲ್ಲಿಯೇ ಇರಲಿ. ವೈಫೈಯ ಮೊದಲ ಭದ್ರತಾ ವಿಧಾನವಾದ ಡಬ್ಲ್ಯೂಇಪಿ 1997ರದು. 2001ರಲ್ಲೇ ಅದರ ಬುಡದಲ್ಲಿ ದೋಷವಿದೆಯೆಂದು ಸಾಬೀತಾಯಿತು, ಇಂದು ಅದನ್ನು ಒಡೆಯಲು ನಿಮಿಷಗಳು ಸಾಕು. 2003ರಲ್ಲಿ ಡಬ್ಲ್ಯೂಪಿಎ, 2004ರಲ್ಲಿ ಡಬ್ಲ್ಯೂಪಿಎ2, 2018ರಲ್ಲಿ ಡಬ್ಲ್ಯೂಪಿಎ3 ಬಂದವು. ನಿಮ್ಮ ಮೋಡೆಮ್ ಡಬ್ಲ್ಯೂಪಿಎ2 ತಿಳಿದದ್ದೇ ಆಗಿದ್ದರೂ ಸಮಸ್ಯೆ ಮುಗಿಯುವುದಿಲ್ಲ: ರೂಟರ್ ಎಂಬುದು ಚಿಕ್ಕದೊಂದು ಕಂಪ್ಯೂಟರ್, ಅದರೊಳಗಿನ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲಿ ದೋಷಗಳು ಹೊರಬೀಳುತ್ತಲೇ ಇರುತ್ತವೆ, ತಯಾರಕರು ಕೈಬಿಟ್ಟ ಮಾದರಿಗೆ ಅವುಗಳ ತಿದ್ದುಪಡಿ ಬರುವುದಿಲ್ಲ. ಹೊಸ ರೂಟರ್‌ನಲ್ಲಿ ಫರ್ಮ್‌ವೇರ್ ತಾನಾಗಿಯೇ ನವೀಕರಣವಾಗುವ ಆಯ್ಕೆ ಇದ್ದರೆ ಚಾಲೂ ಇಡಿ, ಇಲ್ಲದಿದ್ದರೆ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ನೀವೇ ನೋಡಿ. ನವೀಕರಣದ ನಡುವೆ ಕರೆಂಟು ಹೋದರೆ ಉಪಕರಣ ಕೆಡಬಹುದಾದ್ದರಿಂದ ಯುಪಿಎಸ್‌ಗೆ ಸಿಕ್ಕಿಸಿಕೊಂಡು ಮಾಡಿ. ಕೊಟ್ಟಿಗೆಗೆ ವೈಫೈ ಬೇಕೇ ಬೇಕೆಂದರೆ ಡಬ್ಲ್ಯೂಪಿಎ3 ಇರುವ ಎರಡನೆಯ ಚಿಕ್ಕ ರೂಟರ್ ಕೊಳ್ಳಿ, ಅದರ ಒಳಪುಟದ ಪಾಸ್‌ವರ್ಡನ್ನೂ ಮೊದಲ ದಿನವೇ ಬದಲಿಸಿ. ಸಿಡಿಲಿಗೆ ಕೆಟ್ಟ ರೂಟರನ್ನು ದುರಸ್ತಿಯವರು ಒಯ್ದಿಲ್ಲವಾದರೆ ಗುಜರಿಗೆ ಹಾಕುವ ಮೊದಲು ದೀಪ ಹತ್ತುತ್ತದೆಯೇ ನೋಡಿ. ಹತ್ತಿದರೆ ಅದೇ ಸಣ್ಣ ತೂತಿಗೆ ಈ ಬಾರಿ ನೀವೇ ಕಡ್ಡಿ ಹಾಕಿ, ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ನಿಮ್ಮ ಹಳೆಯ ಪಾಸ್‌ವರ್ಡ್ ಅದರೊಳಗೆ ಇನ್ನೂ ಇದೆ, ಮತ್ತು ಹೊಸ ರೂಟರ್‌ಗೂ ನೀವು ಅದನ್ನೇ ಇಟ್ಟಿರುವ ಸಾಧ್ಯತೆ ಹೆಚ್ಚು.